ಚೆಕ್ ಹಾಕೇವಿ, ರೊಕ್ಕ ಬಂದಿಲ್ಲ: ಸಿಟಿಎಸ್ ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಬರೆದ ಚೆಕ್ಕನ್ನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ತನ್ನ ಬ್ಯಾಂಕಿಗೆ ಹಾಕಿದರೆ, ಆ ಕಾಗದ ಅಲ್ಲಿಂದ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಅದರ ಮೂರು ಚಿತ್ರಗಳು ಮತ್ತು ಕೆಳಪಟ್ಟಿಯಲ್ಲಿ ಅಚ್ಚಾಗಿರುವ ಅಂಕಿಗಳು. ಮುಂಭಾಗದ ಒಂದು ಚಿತ್ರ ಬೂದು ಛಾಯೆಯದು, ಇನ್ನೊಂದು ಅಚ್ಚ ಕಪ್ಪು-ಬಿಳುಪಿನದು, ಹಿಂಭಾಗದ್ದು ಕಪ್ಪು-ಬಿಳುಪಿನದೇ. ಹಣ ಕೊಡಬೇಕಾದ ಬ್ಯಾಂಕು ಇವನ್ನಷ್ಟೇ ನೋಡಿ ಹೂಂ ಅಥವಾ ಉಹೂಂ ಅನ್ನುತ್ತದೆ. ಇದೇ ಚೆಕ್ ಟ್ರಂಕೇಶನ್ ಸಿಸ್ಟಮ್, ಎಲ್ಲರ ಬಾಯಲ್ಲಿ ಸಿಟಿಎಸ್. 2008ರ ಫೆಬ್ರುವರಿಯಲ್ಲಿ ದಿಲ್ಲಿಯಲ್ಲಿ, 2011ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಶುರುವಾಯಿತು. ನಮ್ಮ ಕಡೆಯ ಚೆಕ್ಕುಗಳು ಮೊದಲು ಚೆನ್ನೈ ಗ್ರಿಡ್ಡಿಗೆ, ಅಂದರೆ ಹಲವು ರಾಜ್ಯಗಳ ಚೆಕ್ಕುಗಳನ್ನು ಒಟ್ಟಿಗೆ ಇತ್ಯರ್ಥ ಮಾಡುವ ಕೇಂದ್ರಕ್ಕೆ, ಸೇರುತ್ತಿದ್ದವು. ಈಗ ಇಡೀ ದೇಶಕ್ಕೆ ಒಂದೇ ಗ್ರಿಡ್.

ಹಾಗಾಗಿ ಚೆಕ್ ತೊಂದರೆ ನಾಲ್ಕು ಕಡೆ ಹುಟ್ಟಬಹುದು: ಕಾಗದದಲ್ಲಿ, ಚಿತ್ರದಲ್ಲಿ, ಕೆಳಪಟ್ಟಿಯಲ್ಲಿ, ಇಲ್ಲವೇ ಬರೆದವರ ಖಾತೆಯಲ್ಲಿ. ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಜವಳಿ ಸಾಲಿನ ಅಂಗಡಿಯವರಾಗಲಿ, ಗದಗಿನ ಪ್ರೆಸ್ಸಿನವರಾಗಲಿ ನಾಲ್ಕಕ್ಕೂ ಒಂದೇ ಮಾತು ಹೇಳುತ್ತಾರೆ: "ಸರ್, ಚೆಕ್ ಬೌನ್ಸ್ ಆಗೇತ್ರಿ." ಅಲ್ಲಿಂದಲೇ ಎಡವಟ್ಟು ಶುರು. ಬೆಳಕು ಸಾಲದೆ ಚಿತ್ರ ಮಸುಕಾದದ್ದಕ್ಕೆ ಗಿರಾಕಿಯ ಜೊತೆ ಜಗಳವಾಡಿದವರೂ ಇದ್ದಾರೆ, ಖಾತೆಯಲ್ಲಿ ಕಾಸೇ ಇಲ್ಲದ್ದನ್ನು "ಮಷೀನ್ ಪ್ರಾಬ್ಲಮ್" ಎಂದು ನಂಬಿ ತಿಂಗಳು ಕಳೆದವರೂ ಇದ್ದಾರೆ. ಎರಡನೆಯವರ ನಷ್ಟ ದೊಡ್ಡದು. ಯಾಕೆ ಎಂಬುದು ಮುಂದೆ ಬರುತ್ತದೆ.

ಚೆಕ್ ವಾಪಸ್ ಬಂದಿದೆ, ಕಾರಣ ಗೊತ್ತಿಲ್ಲ

ಖರ್ಚಿಲ್ಲದ ಮೊದಲ ತಪಾಸಣೆ ರಿಟರ್ನ್ ಮೆಮೊ ಓದುವುದು. ಮೊಬೈಲಿಗೆ ಬಂದ ಮೆಸೇಜು ಸಾಲದು, ಅದರಲ್ಲಿ ಕಾರಣ ಅರ್ಧಕ್ಕೇ ನಿಂತಿರುತ್ತದೆ. ಶಾಖೆಗೆ ಹೋಗಿ ಮುದ್ರಿತ ಮೆಮೊ ಕೇಳಿ ಪಡೆಯಿರಿ. ಅದರಲ್ಲಿ ಒಂದು ಸಂಕೇತ ಸಂಖ್ಯೆ, ಒಂದು ಸಾಲಿನ ಕಾರಣ, ವಾಪಸಾದ ತಾರೀಖು ಇರುತ್ತವೆ. ಮೂರನ್ನೂ ನಿಮ್ಮ ವಹಿಯಲ್ಲಿ ಬರೆದಿಟ್ಟುಕೊಳ್ಳಿ.

ಕಾರಣ ಚಿತ್ರದ ಬಗ್ಗೆ ಇದ್ದರೆ ತಪ್ಪು ನಿಮ್ಮದೂ ಅಲ್ಲ, ಬಹುತೇಕ ಬರೆದವರದೂ ಅಲ್ಲ. ನಿಮ್ಮ ಒಪ್ಪಿಗೆಗೆ ಕಾಯದೆ ಮತ್ತೆ ಮಂಡಿಸಬಹುದಾದ ಇಂಥ ತಾಂತ್ರಿಕ ವಾಪಸಾತಿಯನ್ನು ಬ್ಯಾಂಕು ತಾನೇ ಮುಂದಿನ ಕ್ಲಿಯರಿಂಗಿಗೆ (ಬ್ಯಾಂಕುಗಳ ನಡುವೆ ಚೆಕ್ ಚುಕ್ತಾ ಮಾಡುವ ಸುತ್ತಿಗೆ), ರಜೆ ಬಿಟ್ಟು 24 ಗಂಟೆಯೊಳಗೆ ಮತ್ತೆ ಕಳಿಸಬೇಕು, ನಿಮಗೆ ಮೆಸೇಜು ಕೊಡಬೇಕು. ಇದು 2013ರಿಂದ ಇರುವ ರಿಸರ್ವ್ ಬ್ಯಾಂಕಿನ ಸೂಚನೆ. ನಿಮ್ಮ ತಪ್ಪಿಲ್ಲದಿದ್ದರೆ ರಿಟರ್ನ್ ಚಾರ್ಜನ್ನೂ ಹಾಕುವಂತಿಲ್ಲ. ಚಾರ್ಜ್ ಕತ್ತರಿಸಿಕೊಂಡಿದ್ದರೆ ಮೆಮೊ ತೋರಿಸಿ ವಾಪಸ್ ಕೇಳಿ. ಸಂಕೋಚ ಬೇಡ. ಕೌಂಟರಿನಲ್ಲಿ ಕೂತವರಿಗೂ ಈ ನಿಯಮ ಗೊತ್ತಿರುತ್ತದೆ, ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತಾರೆ.

ಚೆಕ್ ಹಾಕಿ ಒಂದು ದಿನವಾಯಿತು, ಜಮಾ ಇಲ್ಲ, ವಾಪಸಾತಿಯೂ ಇಲ್ಲ

2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗಿನ ಲೆಕ್ಕ ಬದಲಾಗಿದೆ. ಮೊದಲು ಚೆಕ್ಕುಗಳ ಚಿತ್ರಗಳನ್ನು ಗಂಟು ಕಟ್ಟಿದಂತೆ ಒಂದೇ ಸಲ ಕಳಿಸುತ್ತಿದ್ದರು. ಈಗ ಸ್ಕ್ಯಾನ್ ಆದ ಚಿತ್ರಗಳು ಹಗಲಿಡೀ ಹರಿಯುತ್ತಿರುತ್ತವೆ, ಹಣ ಕೊಡಬೇಕಾದ ಬ್ಯಾಂಕು ಸಂಜೆ 7ರೊಳಗೆ ಉತ್ತರಿಸಬೇಕು. ಉತ್ತರಿಸದೆ ಸುಮ್ಮನಿದ್ದರೆ ಒಪ್ಪಿಕೊಂಡಂತೆ ಲೆಕ್ಕ. ಬ್ಯಾಂಕುಗಳ ನಡುವಿನ ಲೆಕ್ಕ ಚುಕ್ತಾ ಆದ ಮೇಲೆ ಒಂದು ಗಂಟೆಯೊಳಗೆ ನಿಮ್ಮ ಖಾತೆಗೆ ಹಣ ಬಿಡುಗಡೆಯಾಗಬೇಕು.

ಹಾಗಾದರೆ ನಿಮ್ಮದು ಯಾಕೆ ಬರಲಿಲ್ಲ? ಮೊದಲು ಗಡಿಯಾರ ನೋಡಿ. ಚಿತ್ರ ಕಳಿಸುವ ವೇಳೆ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಶಾಖೆಯ ಒಳಗಿನ ಕಟ್‌ಆಫ್, ಅಂದರೆ ಚೆಕ್ ತೆಗೆದುಕೊಳ್ಳುವ ಕೊನೆಯ ಗಡುವು, ಇನ್ನೂ ಮುಂಚೆ ಇರುತ್ತದೆ. ಊಟದ ನಂತರ ಡ್ರಾಪ್ ಬಾಕ್ಸಿಗೆ ಹಾಕಿದ್ದು ಮರುದಿನದ ಲೆಕ್ಕಕ್ಕೆ ಹೋಗುತ್ತದೆ. ಮರುದಿನ ಎರಡನೇ ಅಥವಾ ನಾಲ್ಕನೇ ಶನಿವಾರವಾಗಿದ್ದರೆ ಸೋಮವಾರಕ್ಕೆ.

ಎರಡನೆಯದು, ನಿಮ್ಮ ಬ್ಯಾಂಕು ಯಾವುದು. ಈ ಸೀಮೆ ಸಹಕಾರಿ ಬ್ಯಾಂಕುಗಳ ಸೀಮೆ. 1905ರಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದವರು ನಾವು. ಹಲವು ಪಟ್ಟಣ ಸಹಕಾರಿ ಬ್ಯಾಂಕುಗಳು ನೇರವಾಗಿ ಕ್ಲಿಯರಿಂಗಿಗೆ ಸೇರಿರುವುದಿಲ್ಲ. ಒಂದು ದೊಡ್ಡ ಬ್ಯಾಂಕಿನ ಮೂಲಕ ಉಪಸದಸ್ಯರಾಗಿ ಬರುತ್ತವೆ. ಅಲ್ಲಿ ಇನ್ನೊಂದು ಮೆಟ್ಟಿಲು, ಇನ್ನೊಂದು ಕಟ್‌ಆಫ್. ಇದು ದೋಷವಲ್ಲ, ದಾರಿಯೇ ಒಂದು ಹೆಜ್ಜೆ ಉದ್ದ. ಪತ್ತಿನ ಸಹಕಾರಿ ಸಂಘದ ಖಾತೆಗೆ ಹಾಕಿದ್ದರೆ ಇನ್ನೊಂದು ಮಿತಿಯೂ ಇದೆ: ಸದಸ್ಯರ ಹೆಸರಿನ ಅಕೌಂಟ್ ಪೇಯಿ (ಹೆಸರಿರುವವರ ಖಾತೆಗೇ ಜಮಾ ಆಗಬೇಕಾದ) ಚೆಕ್ಕನ್ನು ಸಂಘದ ಖಾತೆಗೆ ವಸೂಲಿ ಮಾಡಿಕೊಡಲು ಬ್ಯಾಂಕುಗಳಿಗೆ ಅನುಮತಿ ಇರುವುದು 50,000 ರೂಪಾಯಿವರೆಗೆ ಮಾತ್ರ. ಅದಕ್ಕೆ ಮೇಲಿನದು ಅಲ್ಲೇ ನಿಂತಿರಬಹುದು.

ಮೂರನೆಯದು, ಚೆಕ್ ನಿಜವಾಗಿ ಸ್ಕ್ಯಾನ್ ಆಯಿತೇ? ಡ್ರಾಪ್ ಬಾಕ್ಸಿಗೆ ಹಾಕಿದ್ದರೆ ನಿಮ್ಮ ಬಳಿ ಪುರಾವೆ ಇಲ್ಲ. ದೊಡ್ಡ ಮೊತ್ತದ ಚೆಕ್ಕನ್ನು ಕೌಂಟರಿನಲ್ಲೇ ಕೊಟ್ಟು ಸ್ಲಿಪ್ಪಿನ ಅರ್ಧಕ್ಕೆ ಸಿಕ್ಕಾ ಹಾಕಿಸಿಕೊಳ್ಳಿ. "ಬಾಕ್ಸಿನಾಗ ಹಾಕ್ರೀ" ಅಂದರೂ ಒಪ್ಪಬೇಕಿಲ್ಲ. ಕೌಂಟರಿನಲ್ಲಿ ಕೊಟ್ಟ ಚೆಕ್ಕಿಗೆ ಸ್ವೀಕೃತಿ ನಿರಾಕರಿಸುವಂತಿಲ್ಲ ಎಂಬುದೂ ರಿಸರ್ವ್ ಬ್ಯಾಂಕಿನ ಸೂಚನೆಯೇ.

ಈ ಮೂರೂ ಸರಿಯಿದ್ದು ಎರಡು ಕೆಲಸದ ದಿನ ದಾಟಿದರೆ ಲಿಖಿತ ದೂರು ಕೊಡಿ. ಬ್ಯಾಂಕು 30 ದಿನದೊಳಗೆ ಪರಿಹರಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಾಗಿಲು ಇದೆ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು.

ಮೆಮೊದಲ್ಲಿ "ಇಮೇಜ್ ನಾಟ್ ಕ್ಲಿಯರ್, ಪ್ರೆಸೆಂಟ್ ಅಗೇನ್ ವಿತ್ ಪೇಪರ್" ಎಂದಿದೆ

ಚಿತ್ರ ಸ್ಪಷ್ಟವಿಲ್ಲ, ಕಾಗದವನ್ನೇ ತಂದು ತೋರಿಸಿ ಎಂದರ್ಥ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಚೆಕ್ಕಿಗೆ ಹೀಗೇಕೆ ಬರುತ್ತದೆ ಎಂದು ಜನ ಸಿಟ್ಟಾಗುತ್ತಾರೆ. ಉತ್ತರ ಇರುವುದು ಆ ಕಪ್ಪು-ಬಿಳುಪಿನ ಚಿತ್ರದಲ್ಲಿ. ಬೂದು ಛಾಯೆಯ ಚಿತ್ರಕ್ಕೆ ಇಂಚಿಗೆ 100 ಚುಕ್ಕಿ, 256 ಛಾಯೆ. ಕಪ್ಪು-ಬಿಳುಪಿನದಕ್ಕೆ ಇಂಚಿಗೆ 200 ಚುಕ್ಕಿ, ಆದರೆ ಛಾಯೆ ಎರಡೇ. ಒಂದು ಚುಕ್ಕಿ ಕಪ್ಪೋ ಬಿಳಿಯೋ ಎಂದು ಸಾಫ್ಟ್‌ವೇರು ಒಂದೇ ಏಟಿಗೆ ತೀರ್ಮಾನಿಸುತ್ತದೆ, ನಡುವೆ ಏನೂ ಇಲ್ಲ. ತಿಳಿ ನೀಲಿ ಜೆಲ್ ಪೆನ್ನಿನ ಸಹಿ ಆ ತೀರ್ಮಾನದಲ್ಲಿ ಬಿಳಿಯ ಪಾಲಾಗಿ ಮಾಯವಾಗುತ್ತದೆ. ಗಾಢ ಅರಿಶಿನದ ಕಲೆ ಕಪ್ಪಿನ ಪಾಲಾಗಿ ಮೊತ್ತವನ್ನೇ ನುಂಗುತ್ತದೆ.

ಅರಿಶಿನದ ಮಾತು ಸುಮ್ಮನೆ ಬರಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಲೆಕ್ಕದ ವಹಿಯ ಜೊತೆ ಚೆಕ್‌ಬುಕ್ಕನ್ನೂ ಇಟ್ಟು ಅರಿಶಿನ-ಕುಂಕುಮ ಹಚ್ಚುವ ಅಂಗಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಪೂಜೆ ಮಾಡಿ, ಆದರೆ ಕುಂಕುಮ ಚೆಕ್‌ಬುಕ್ಕಿನ ರಟ್ಟಿಗೆ ಬೀಳಲಿ, ಹಾಳೆಗೆ ಬೇಡ. ಮೊದಲ ಹಾಳೆಯ ನೆತ್ತಿಯಲ್ಲಿ "ಶ್ರೀ" ಬರೆಯುವುದೂ ಅಷ್ಟೇ. ತಾರೀಖಿನ ಚೌಕಕ್ಕೆ ತಾಗದಿದ್ದರೆ ಚಿತ್ರಕ್ಕೆ ತೊಂದರೆ ಇಲ್ಲವಾದರೂ ರಟ್ಟಿನ ಮೇಲೆ ಬರೆದರೆ ದೇವಿ ಬೇಡ ಅನ್ನಲಾರಳು.

ಚೆಕ್ ಹಾಕುವ ಮೊದಲು ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು ಇಷ್ಟು. ಶಾಯಿ ಕಪ್ಪೋ ಗಾಢ ನೀಲಿಯೋ ಇದೆಯೇ? ಅಂಗಡಿಯ ರಬ್ಬರ್ ಸಿಕ್ಕಾ ಸಹಿಯ ಮೇಲೆ, ಹೆಸರಿನ ಮೇಲೆ, ಮೊತ್ತದ ಮೇಲೆ ಬಿದ್ದಿದೆಯೇ? "ಫಾರ್" ಅಂದು ಅಂಗಡಿ ಹೆಸರಿರುವ ಸಿಕ್ಕಾವನ್ನು ಸಹಿಯ ನಡುವೆಯೇ ಒತ್ತುವ ದಿವಾಣಜಿಗಳಿದ್ದಾರೆ. ಹೀಗೆ ವಾಪಸ್ ಬರುವ ಚೆಕ್ಕುಗಳಲ್ಲಿ ನಾನು ಹೆಚ್ಚು ಕಂಡದ್ದು ಇದನ್ನೇ. ಹಿಂಬದಿಯಲ್ಲಿ ಖಾತೆ ನಂಬರು, ಫೋನ್ ನಂಬರು ಬರೆಯುವಾಗ ಬಾಲ್‌ಪೆನ್ ಒತ್ತಿ ಬರೆದರೆ ಮುಂಭಾಗದಲ್ಲಿ ಉಬ್ಬು ಮೂಡುತ್ತದೆ. ಅಂಗಿಯ ಕಿಸೆಯಲ್ಲಿ ನಾಲ್ಕು ಮಡಿಕೆಯಾದ ಚೆಕ್ಕಿನಲ್ಲಿ ಮಡಿಕೆಯ ಗೆರೆ ಕಪ್ಪಾಗಿ ಕಾಣುತ್ತದೆ. ಮಡಿಕೆ ಮೊತ್ತದ ಅಂಕಿಯ ಮೇಲೆ ಹಾದಿದ್ದರೆ 1 ಯಾವುದು, 7 ಯಾವುದು ಎಂದು ದೂರದಲ್ಲಿ ಕೂತವರಿಗೆ ತಿಳಿಯದು.

ಕನ್ನಡದಲ್ಲಿ ಬರೆದ ಚೆಕ್ ನಡೆಯುತ್ತದೆಯೇ? ನಡೆಯುತ್ತದೆ. ಗಿರಾಕಿ ತನ್ನ ಪ್ರಾದೇಶಿಕ ಭಾಷೆಯಲ್ಲಿ ಬರೆಯಬಹುದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕೂಡಕ್ಷರಗಳ ಒತ್ತು ಚೌಕದ ಗೆರೆಗೆ ಅಂಟದಂತೆ ಬಿಡಿಸಿ ಬರೆದರೆ ಸಾಕು. ಕನ್ನಡ ಎಂಬ ಕಾರಣಕ್ಕೇ ಯಾರಾದರೂ ತೆಗೆದುಕೊಳ್ಳಲು ಒಲ್ಲೆ ಅಂದರೆ, ಅದನ್ನು ಬರೆದುಕೊಡಿ ಎಂದು ಕೇಳಿ.

ಮಸುಕಾದದ್ದನ್ನು ನೀವೇ "ರಿಪೇರಿ" ಮಾಡಲು ಹೋಗಬೇಡಿ. ಸಹಿಯ ಮೇಲೆ ಮತ್ತೊಮ್ಮೆ ಪೆನ್ ಆಡಿಸಿದರೆ ಅದು ತಿದ್ದುಪಡಿ. ಹರಿದ ಅಂಚಿಗೆ ಟೇಪ್ ಹಚ್ಚಿದರೆ ಸ್ಕ್ಯಾನರಿನ ಬೆಳಕು ಅಲ್ಲಿ ಹೊಳೆದು ಅಕ್ಷರ ಅಳಿಸಿದಂತಾಗುತ್ತದೆ. ಲ್ಯಾಮಿನೇಟ್ ಮಾಡಿ ತಂದವರನ್ನೂ ನೋಡಿದ್ದೇನೆ, ಅಂಥದಕ್ಕೆ ಮದ್ದಿಲ್ಲ. ಹೊಸ ಚೆಕ್ ಬರೆಸುವುದೇ ದಾರಿ.

ತಿದ್ದಿದ, ಹಳತಾದ, ಬ್ಯಾಂಕೇ ಇಲ್ಲವಾದ ಚೆಕ್ಕುಗಳು

ಇವು ಬೇಗ ಮುಗಿಯುವ ವಿಷಯ. 2010ರ ಡಿಸೆಂಬರಿನಿಂದ ಹೆಸರು, ಅಂಕಿಯ ಮೊತ್ತ, ಅಕ್ಷರದ ಮೊತ್ತ ತಿದ್ದುವಂತಿಲ್ಲ. ಪಕ್ಕದಲ್ಲಿ ಸಹಿ ಹಾಕಿದರೂ ನಡೆಯದು. ಚೆಕ್ಕಿನ ಅವಧಿಯನ್ನು ಮತ್ತೆ ಊರ್ಜಿತಗೊಳಿಸಲು ತಾರೀಖು ತಿದ್ದುವುದಕ್ಕೆ ಮಾತ್ರ ವಿನಾಯಿತಿ. ಚೆಕ್ಕಿನ ಆಯಸ್ಸು ತಾರೀಖಿನಿಂದ ಮೂರು ತಿಂಗಳು, 2012ರ ಏಪ್ರಿಲಿನಿಂದ. "ಆರು ತಿಂಗಳು ನಡಿತೈತಿ" ಎನ್ನುವ ಹಿರಿಯರಿಗೆ ಗೌರವದಿಂದ ಹೇಳಿ.

ಚೆಕ್ಕನ್ನು ಬೆಳಕಿಗೆ ಹಿಡಿದರೆ "ಸಿಟಿಎಸ್-ಇಂಡಿಯಾ" ಎಂಬ ನೀರಚ್ಚು ಕಾಣಬೇಕು. ಕಾಣದಿದ್ದರೆ ಅದು ಸಿಟಿಎಸ್-2010 ಮಾನದಂಡದ ಹಾಳೆಯಲ್ಲ ಅಥವಾ ಅಸಲಿಯೇ ಅಲ್ಲ. ಹಳೆಯ ಹಾಳೆಗಳಿಗಿದ್ದ ಪ್ರತ್ಯೇಕ ಕ್ಲಿಯರಿಂಗು 2018ರ ಡಿಸೆಂಬರ್ 31ಕ್ಕೆ ನಿಂತಿತು.

ನಮ್ಮ ಕಡೆ ಇನ್ನೊಂದು ತೊಡಕು ವಿಲೀನದ್ದು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲಿನಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದವು. ಧಾರವಾಡದಲ್ಲಿ ಪ್ರಧಾನ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಒಂದೇ ಗ್ರಾಮೀಣ ಬ್ಯಾಂಕಿನೊಳಗೆ ಸೇರಿದೆ. ಯಾರೋ ಭದ್ರತೆಗೆಂದು ಹಿಂದೆ ಕೊಟ್ಟಿಟ್ಟ ಚೆಕ್ ನಿಮ್ಮ ತಿಜೋರಿಯಲ್ಲಿದ್ದರೆ ಇಂದೇ ತೆಗೆದು ಬ್ಯಾಂಕಿನ ಹೆಸರು ನೋಡಿ. ವಿಲೀನವಾದ ಬ್ಯಾಂಕಿನದಾದರೆ ಹೊಸ ಚೆಕ್ ಕೇಳಿ ಬದಲಿಸಿಕೊಳ್ಳಿ. ಕೆಳಪಟ್ಟಿಯ ಅಂಕಿ ಹಳೆಯ ಬ್ಯಾಂಕನ್ನು ಹುಡುಕಿಕೊಂಡು ಹೋದರೆ ಅಲ್ಲಿ ಯಾರೂ ಇರುವುದಿಲ್ಲ.

ದೊಡ್ಡ ಮೊತ್ತದ ಚೆಕ್ ಮಾತ್ರ ವಾಪಸಾಗುತ್ತಿದೆ, ಚಿಕ್ಕವು ಪಾಸಾಗುತ್ತಿವೆ

ಪಾಸಿಟಿವ್ ಪೇ ನೋಡಿ. 2021ರ ಜನವರಿ 1ರಿಂದ 50,000 ರೂಪಾಯಿ ಮತ್ತು ಮೇಲಿನ ಚೆಕ್ಕುಗಳಿಗೆ, ಬರೆದವರು ತಮ್ಮ ಬ್ಯಾಂಕಿಗೆ ಮುಂಚೆಯೇ ಚೆಕ್ ನಂಬರು, ತಾರೀಖು, ಪಡೆಯುವವರ ಹೆಸರು, ಮೊತ್ತ ತಿಳಿಸುವ ಏರ್ಪಾಟು ಇದೆ. ತಿಳಿಸುವುದು ಗಿರಾಕಿಯ ಇಚ್ಛೆ. 5 ಲಕ್ಷ ಮತ್ತು ಮೇಲಿನದಕ್ಕೆ ಬ್ಯಾಂಕು ಕಡ್ಡಾಯ ಮಾಡಬಹುದು, ಹಲವು ಮಾಡಿವೆ. ಚಿತ್ರದಲ್ಲಿ ಇರುವುದಕ್ಕೂ ತಿಳಿಸಿದ್ದಕ್ಕೂ ತಾಳೆಯಾಗದಿದ್ದರೆ ಚೆಕ್ ನಿಲ್ಲುತ್ತದೆ.

ತಾಳೆ ತಪ್ಪುವುದು ಹೆಚ್ಚಾಗಿ ಹೆಸರಿನಲ್ಲಿ. ಚೆಕ್ಕಿನಲ್ಲಿ "ಟ್ರೇಡರ್ಸ್", ಆ್ಯಪಿನಲ್ಲಿ "ಟ್ರೇಡಿಂಗ್ ಕಂಪನಿ". ಹಾಗಾಗಿ ಬಿಲ್ಲಿನ ಕೆಳಗೇ ನಿಮ್ಮ ಖಾತೆಯ ಪೂರ್ತಿ ಹೆಸರು ಅಚ್ಚು ಹಾಕಿಸಿ, ದೊಡ್ಡ ಚೆಕ್ ಕೈಗೆ ಬಂದಾಗ "ಸಾವ್ಕಾರ್ರ, ಪಾಸಿಟಿವ್ ಪೇ ಹಾಕೀರೇನ್ರಿ?" ಎಂದು ಅಲ್ಲೇ ಕೇಳಿ. ಹಾಕಿದ್ದರೆ ಇಬ್ಬರಿಗೂ ರಕ್ಷಣೆ, ಏಕೆಂದರೆ ಮುಂದೆ ತಕರಾರು ಬಂದರೆ ಸಿಟಿಎಸ್‌ನ ವಿವಾದ ವ್ಯವಸ್ಥೆಯೊಳಗೆ ತೆಗೆದುಕೊಳ್ಳುವುದು ಈ ಕ್ರಮ ಪಾಲಿಸಿದ ಚೆಕ್ಕುಗಳನ್ನು ಮಾತ್ರ.

ಈ ಹೆಸರಿನಲ್ಲಿ ಮೋಸದ ಕರೆಗಳೂ ಬರುತ್ತವೆ. "ನಿಮ್ಮ ಚೆಕ್ಕಿನ ಚಿತ್ರ ಮಸುಕಾಗಿದೆ, ವಾಟ್ಸಾಪಿಗೆ ಫೋಟೊ ಹಾಕಿ, ಬರುವ ಓಟಿಪಿ ಹೇಳಿ" ಎಂದರೆ ಫೋನ್ ಇಡಿ. ಬ್ಯಾಂಕಿಗೆ ಬೇಕಾದ ಚಿತ್ರ ಬ್ಯಾಂಕಿನ ಸ್ಕ್ಯಾನರಿನಿಂದ ಬರುತ್ತದೆ, ನಿಮ್ಮ ಮೊಬೈಲಿನಿಂದಲ್ಲ.

ಸಹಿ ತಾಳೆಯಾಗಿಲ್ಲ ಎಂದು ಬಂದರೆ ಚೆಕ್ಕನ್ನು ಬರೆದವರಿಗೆ ತೋರಿಸಿ. ವಯಸ್ಸಾದವರ ಸಹಿ ಬದಲಾಗಿರುತ್ತದೆ, ಪಾಲುದಾರಿಕೆ ಅಂಗಡಿಯಲ್ಲಿ ಸಹಿ ಹಾಕುವ ಅಧಿಕಾರ ಬೇರೆಯವರಿಗೆ ಹೋಗಿರುತ್ತದೆ. ಅವರು ತಮ್ಮ ಶಾಖೆಯಲ್ಲಿ ಹೊಸ ಸಹಿ ಮಾದರಿ ಕೊಡುವವರೆಗೆ ಅದೇ ಚೆಕ್ಕನ್ನು ಮತ್ತೆ ಮತ್ತೆ ಹಾಕಿ ಉಪಯೋಗವಿಲ್ಲ.

"ಹಣ ಸಾಲದು" ಎಂದು ಬಂದಿದೆ

ಇಲ್ಲಿ ತಾಂತ್ರಿಕ ಹುಡುಕಾಟ ನಿಲ್ಲಿಸಿ. ಚಿತ್ರ ಚೆನ್ನಾಗಿದೆ, ಕೆಳಪಟ್ಟಿ ಓದಿದೆ, ಸಹಿ ಒಪ್ಪಿದೆ, ಖಾತೆ ಬರಿದು. ಮೆಮೊ ಕೈಗೆ ಬಂದ ದಿನದಿಂದ ಕಾನೂನಿನ ಗಡಿಯಾರ ಓಡುತ್ತಿರುತ್ತದೆ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ, ಬ್ಯಾಂಕಿನಿಂದ ಮಾಹಿತಿ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ಅದು ತಲುಪಿದ ಮೇಲೆ ಕೊಡಲು 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಎರಡು ವರ್ಷದವರೆಗೆ ಸಜೆ, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದಾದ ಅಪರಾಧ.

2015ರ ತಿದ್ದುಪಡಿಯಿಂದ ನಮ್ಮ ವ್ಯಾಪಾರಿಗಳಿಗೆ ಒಂದು ಅನುಕೂಲವಾಗಿದೆ. ಖಾತೆಯ ಮೂಲಕ ವಸೂಲಿಗೆ ಹಾಕಿದ ಚೆಕ್ಕಿನ ದೂರು, ಪಡೆಯುವವರ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ ನಡೆಯುತ್ತದೆ. ಮುಂಬಯಿಯ ಖರೀದಿದಾರ ಕೊಟ್ಟ ಚೆಕ್ಕನ್ನು ರಾಣೆಬೆನ್ನೂರಿನ ಖಾತೆಗೆ ಹಾಕಿದ್ದರೆ ಬೀಜ ವ್ಯಾಪಾರಿ ಮುಂಬಯಿಗೆ ಅಲೆಯಬೇಕಿಲ್ಲ.

"ಮುಂದಿನ ವಾರ ಹಾಕ್ರಿ, ಪಾಸ್ ಆಕ್ಕೈತಿ" ಎಂಬ ಮಾತಿಗೆ ಒಪ್ಪುವುದು ನಿಮ್ಮ ಇಷ್ಟ. ಚೆಕ್ಕಿನ ಮೂರು ತಿಂಗಳೂ ನೋಟಿಸಿನ 30 ದಿನವೂ ಕ್ಯಾಲೆಂಡರಿನಲ್ಲಿ ಗುರುತಾಗಿರಲಿ, ವಕೀಲರಿಗೆ ಬೇಗ ತೋರಿಸಿ.

ಶಾಖೆಯಲ್ಲಿ: ಚಿತ್ರದ ಉದ್ದಕ್ಕೂ ಒಂದು ಗೆರೆ

ಇಲ್ಲಿಂದ ಮುಂದಿನದು ಕ್ಲಿಯರಿಂಗ್ ಮೇಜಿನಲ್ಲಿ ಕೂತವರಿಗೆ.

ಸ್ಕ್ಯಾನರಿನಲ್ಲಿ ಚೆಕ್ ಉದ್ದುದ್ದಕ್ಕೆ ಓಡುತ್ತದೆ, ಕಣ್ಣು ನಿಂತಲ್ಲೇ ನಿಂತಿರುತ್ತದೆ. ಆ ಕಣ್ಣಿನ ಗಾಜಿನ ಮೇಲೆ ಒಂದು ಧೂಳಿನ ಕಣ ಕೂತರೆ ಇಡೀ ಚೆಕ್ ಅದರ ಮುಂದೆ ಹಾದು, ಕಣವು ಎಡದಿಂದ ಬಲಕ್ಕೆ ಗೆರೆಯಾಗಿ ಮೂಡುತ್ತದೆ. ಪರೀಕ್ಷೆ ಸುಲಭ: ಎರಡು ಬೇರೆ ಚೆಕ್ ಓಡಿಸಿ. ಗೆರೆ ಎರಡರಲ್ಲೂ ಅದೇ ಎತ್ತರದಲ್ಲಿದ್ದರೆ ಗಾಜಿನ ದೋಷ, ಒಂದರಲ್ಲಿ ಮಾತ್ರ ಇದ್ದರೆ ಕಾಗದದ ಮಡಿಕೆ. ಮುಂಭಾಗದ ಚಿತ್ರದಲ್ಲಿ ಇದ್ದು ಹಿಂಭಾಗದಲ್ಲಿ ಇಲ್ಲದಿದ್ದರೆ ಮುಂಭಾಗದ ಗಾಜನ್ನೇ ಒರೆಸಿ.

ಒರೆಸುವ ಮುಂಚೆ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ತಾಗಿಸಿ ಒರೆಸಿ, ಪೂರ್ತಿ ಆರಲು ಬಿಡಿ. ನೇರವಾಗಿ ಯಂತ್ರಕ್ಕೆ ಸಿಂಪಡಿಸಬೇಡಿ. ಪೆಟ್ರೋಲ್, ಥಿನ್ನರ್ ರಬ್ಬರ್ ರೋಲರನ್ನು ತಿನ್ನುತ್ತವೆ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಇದ್ದರೆ ಗಾಜಿನ ಮೇಲೆ ಪೊರೆ ಉಳಿಯುತ್ತದೆ, ಗೆರೆಯ ಬದಲು ಇಡೀ ಚಿತ್ರ ಮಂಜಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಪಂಪಿನಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ; ಅದು ಸೈಕಲ್ಲಿಗೇ ಇರಲಿ. ಮೆಣಸಿನಕಾಯಿ ಪೇಟೆಯ ಶಾಖೆಗಳಲ್ಲಿ ಸುಗ್ಗಿಯ ಕಾಲಕ್ಕೆ ಗಾಜು ಒರೆಸುವುದನ್ನು ದಿನದ ಮೊದಲ ಕೆಲಸ ಮಾಡಿಕೊಳ್ಳುವುದು ಒಳ್ಳೆಯದು. ಆ ಧೂಳು ಮೂಗಿಗೆ ಏನು ಮಾಡುತ್ತದೆಂದು ಗೊತ್ತಿರುವವರಿಗೆ ಗಾಜಿನ ಪಾಡು ವಿವರಿಸಬೇಕಿಲ್ಲ.

ಒರೆಸಿದ ಮೇಲೂ ಅದೇ ಎತ್ತರದಲ್ಲಿ ಗೆರೆ ಉಳಿದರೆ ಗಾಜು ಗೀರಿದೆ. ಕವಚ ಬಿಚ್ಚಬೇಡಿ, ಸರ್ವಿಸಿನವರನ್ನು ಕರೆಯಿರಿ.

ಕೆಳಪಟ್ಟಿಯ ಅಂಕಿಗಳು ಓದುತ್ತಿಲ್ಲ, ಪರದೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ

ಕೆಳಪಟ್ಟಿಯ ಅಂಕಿಗಳನ್ನು ಅಚ್ಚು ಹಾಕಿರುವುದು ಕಾಂತೀಯ ಶಾಯಿಯಲ್ಲಿ. ಅದಕ್ಕೇ ಮ್ಯಾಗ್ನೆಟಿಕ್ ಇಂಕ್ ಕ್ಯಾರೆಕ್ಟರ್ ರೆಕಗ್ನಿಶನ್, ಚಿಕ್ಕದಾಗಿ ಎಂಐಸಿಆರ್, ಎಂಬ ಹೆಸರು. ಸ್ಕ್ಯಾನರಿನೊಳಗೆ ಅದನ್ನು ಕಾಂತಗೊಳಿಸಿ, ಅಂಕಿಯ ಆಕಾರಕ್ಕೆ ತಕ್ಕ ಅಲೆಯನ್ನು ಒಂದು ಹೆಡ್ ಓದುತ್ತದೆ. ಚೆಕ್ ನಂಬರು 6 ಅಂಕಿ, ನಂತರ ಊರು-ಬ್ಯಾಂಕು-ಶಾಖೆಯ 9, ಖಾತೆಯ 6, ಕೊನೆಗೆ ಚೆಕ್ಕಿನ ಬಗೆ ಹೇಳುವ 2: ಒಟ್ಟು 23.

ಒಂದೇ ಚೆಕ್ಕಿನಲ್ಲಿ ತೊಂದರೆ ಇದ್ದರೆ ಆ ಚೆಕ್ಕನ್ನೇ ನೋಡಿ. ಪಟ್ಟಿಯ ಮೇಲೆ ಸಹಿಯ ಬಾಲ ಇಳಿದಿದೆಯೇ, ಸಿಕ್ಕಾ ಬಿದ್ದಿದೆಯೇ, ಸ್ಟೇಪಲ್ ತೂತು ಇದೆಯೇ? ಮಾಮೂಲಿ ಪೆನ್ನಿನ ಗೀರು ಕಾಂತೀಯ ಹೆಡ್ಡಿಗೆ ಅಡ್ಡಿಯಾಗದೆ ಇರಬಹುದು, ಆದರೆ ಚಿತ್ರದಿಂದ ಓದುವ ಭಾಗವನ್ನು ಕೆಡಿಸುತ್ತದೆ. ಆಗ ಎರಡು ಓದು ಎರಡು ಉತ್ತರ ಕೊಟ್ಟು ಸಾಫ್ಟ್‌ವೇರು ನಿಲ್ಲುತ್ತದೆ. ಮಸುಕಾದ ಅಂಕಿಯನ್ನು ಪೆನ್ನಿನಿಂದ ತುಂಬಿದರೆ ಕಾಂತವೇನೂ ಹುಟ್ಟದು.

ಎಲ್ಲಾ ಚೆಕ್ಕುಗಳಲ್ಲೂ, ಎಲ್ಲಾ ಬ್ಯಾಂಕುಗಳದರಲ್ಲೂ ತೊಂದರೆ ಇದ್ದರೆ ಯಂತ್ರದ ಸುತ್ತ ನೋಡಿ. ಸ್ಪೀಕರು, ಮೊಬೈಲ್ ಚಾರ್ಜರು, ಯುಪಿಎಸ್, ನೋಟು ಎಣಿಸುವ ಯಂತ್ರ ಪಕ್ಕದಲ್ಲೇ ಇದೆಯೇ? ಅವುಗಳ ಕಾಂತಕ್ಷೇತ್ರದ ಗದ್ದಲದಲ್ಲಿ ಹೆಡ್ಡಿಗೆ ಅಂಕಿಯ ಸದ್ದು ಕೇಳುವುದಿಲ್ಲ. ಒಂದು ಮಾರು ದೂರ ಸರಿಸಿ ಮತ್ತೆ ಓಡಿಸಿ. ಕಾಸಿಲ್ಲದ ಈ ಉಪಾಯವನ್ನು ಮೊದಲು ಮಾಡಿ, ಆಮೇಲೆ ಕ್ಲೀನಿಂಗ್ ಕಾರ್ಡ್ ಓಡಿಸಿ, ಆಮೇಲೆ ಅರ್ಥಿಂಗ್ ನೋಡಿಸಿ. ಅರ್ಥಿಂಗ್ ಇಲೆಕ್ಟ್ರಿಷಿಯನ್ ಕೆಲಸ, ನಿಮ್ಮದಲ್ಲ.

ಓದದ ಅಂಕಿಯನ್ನು ಕೀಲಿಮಣೆಯಿಂದ ತುಂಬುವಾಗ ಒಂದು ತಾಳೆ ಸಹಾಯಕ್ಕೆ ಬರುತ್ತದೆ: 9 ಅಂಕಿಯ ಗುಂಪಿನ ಮೊದಲ ಮೂರು, ಸಾಮಾನ್ಯವಾಗಿ ಊರಿನ ಪಿನ್‌ಕೋಡಿನ ಮೊದಲ ಮೂರೇ ಆಗಿರುತ್ತವೆ. ಹುಬ್ಬಳ್ಳಿ-ಧಾರವಾಡ 580, ಹಾವೇರಿ 581, ಗದಗ 582. ಹಾವೇರಿ ಶಾಖೆಯ ಚೆಕ್ಕಿಗೆ 587 ಎಂದು ಹೊಡೆದರೆ ಚಿತ್ರ ಯಾರದೋ ಬಾಗಿಲಿಗೆ ಹೋಗಿ "ನಮ್ಮ ಮೇಲೆ ಬರೆದದ್ದಲ್ಲ" ಎಂದು ವಾಪಸಾಗುತ್ತದೆ. ಊಹಿಸಿ ತುಂಬಬೇಡಿ, ಕಾಗದ ನಿಮ್ಮ ಕೈಯಲ್ಲೇ ಇದೆ, ನೋಡಿ ತುಂಬಿ.

ಎರಡು ಚೆಕ್ ಒಟ್ಟಿಗೆ ಹೋಗುತ್ತಿವೆ, ಚಿತ್ರ ಸೊಟ್ಟ ಅಥವಾ ಹಿಗ್ಗಿದಂತಿದೆ

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಾಗದ ಕಾಗದಕ್ಕೆ ಅಂಟುತ್ತದೆ. ಸ್ಟೇಪಲ್, ಗುಂಡುಪಿನ್ ತೆಗೆದು, ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಕೆಳಅಂಚು ಮೇಜಿಗೆ ತಟ್ಟಿ ಸಮ ಮಾಡಿ, ಸಣ್ಣ ಕಟ್ಟುಗಳಾಗಿ ಹಾಕಿ. ಮುಕ್ಕಾಲು ತೊಂದರೆ ಇಲ್ಲೇ ಮುಗಿಯುತ್ತದೆ. ಚಿತ್ರ ಹಿಗ್ಗಿ ಅಥವಾ ಕುಗ್ಗಿ ಬಂದರೆ ರೋಲರು ಜಾರುತ್ತಿದೆ. ಒರೆಸಿದರೂ ರಬ್ಬರು ಗಾಜಿನಂತೆ ಮಿನುಗುತ್ತಿದ್ದರೆ ಅದರ ಆಯಸ್ಸು ತೀರಿದೆ, ಬದಲಿಸಿ. ಸಿಕ್ಕಿಕೊಂಡ ಚೆಕ್ಕನ್ನು ಚಿಮಟದಿಂದ ಎಳೆಯಬೇಡಿ. ಪ್ಲಗ್ ಕಿತ್ತು, ಮುಚ್ಚಳ ತೆರೆದು, ಓಡುವ ದಿಕ್ಕಿಗೇ ನಿಧಾನ ಬಿಡಿಸಿ. ಹರಿದದ್ದು ಗಿರಾಕಿಯ ಹಣ.

ಕರೆಂಟ್ ಹೋಗಿ ಬ್ಯಾಚ್ ಅರ್ಧದಲ್ಲಿ ನಿಂತರೆ ಅವಸರದಲ್ಲಿ ಮೊದಲಿಂದ ಸ್ಕ್ಯಾನ್ ಮಾಡಬೇಡಿ. ಎಷ್ಟು ಚಿತ್ರ ಆಗಲೇ ಹೋಗಿವೆ ಎಂದು ವರದಿಯಲ್ಲಿ ನೋಡಿ, ಉಳಿದದ್ದನ್ನಷ್ಟೇ ಓಡಿಸಿ. ಒಂದೇ ಚೆಕ್ ಎರಡು ಸಲ ಮಂಡನೆಯಾದರೆ ಬಿಡಿಸುವುದಕ್ಕೆ ವಾರವೇ ಹಿಡಿದೀತು.

ಕೈ ತೆಗೆದು ಬೇರೆಯವರನ್ನು ಕರೆಯಬೇಕಾದ ಹೊತ್ತು

ನೇರಳಾತೀತ ದೀಪದಡಿ ಬ್ಯಾಂಕಿನ ಲಾಂಛನ ಹೊಳೆಯದಿದ್ದರೆ, ಹೆಸರು ಅಥವಾ ಮೊತ್ತದ ಸುತ್ತ ಬೇರೆ ಬಣ್ಣದ ತೇಪೆ ಕಂಡರೆ, "ಕಾಪಿ" ಅಥವಾ "ವಾಯ್ಡ್" ಎಂಬ ಅಡಗಿದ ಪದ ಮೇಲೆದ್ದು ಕಂಡರೆ, ಅದು ಸ್ಕ್ಯಾನರಿನ ದೋಷವಲ್ಲ. ನಕಲಿ ಅಥವಾ ತೊಳೆದು ಬರೆದ ಚೆಕ್ ಇರಬಹುದು. ಓಡಿಸಬೇಡಿ, ತಂದವರ ಜೊತೆ ವಾದಕ್ಕಿಳಿಯಬೇಡಿ, ಮ್ಯಾನೇಜರಿಗೆ ಒಪ್ಪಿಸಿ. ಆ ದೀಪವನ್ನು ನೇರವಾಗಿ ದಿಟ್ಟಿಸುವುದೂ ಕಣ್ಣಿಗೆ ಒಳ್ಳೆಯದಲ್ಲ.

ಸರ್ವಿಸಿನವರಿಗೆ ಫೋನ್ ಮಾಡುವ ಮೊದಲು ಮೂರು ಸಂಗತಿ ಬರೆದಿಟ್ಟುಕೊಳ್ಳಿ: ತೊಂದರೆ ಒಂದೇ ಬ್ಯಾಂಕಿನ ಚೆಕ್ಕುಗಳಲ್ಲೋ ಎಲ್ಲದರಲ್ಲೋ, ಯಾವ ಚಿತ್ರದಲ್ಲಿ, ಒರೆಸಿದ ಮೇಲೆ ಬದಲಾಯಿತೋ ಇಲ್ಲವೋ. ಮಾದರಿಗೆಂದು ಗಿರಾಕಿಯ ಚೆಕ್ಕಿನ ಚಿತ್ರ ವಾಟ್ಸಾಪಿನಲ್ಲಿ ಕಳಿಸಬೇಡಿ. ಶಾಖೆಯಲ್ಲಿ ಪರೀಕ್ಷೆಗೆ ಇಟ್ಟ ರದ್ದಾದ ಖಾಲಿ ಹಾಳೆಯ ಚಿತ್ರ ಸಾಕು. ಸ್ಕ್ಯಾನರ್ ಜೋಡಿಸಿದ ಕಂಪ್ಯೂಟರೇ ರಿಪೇರಿಗೆ ಹೊರಗೆ ಹೋಗಬೇಕಾದರೆ ಹಾರ್ಡ್ ಡಿಸ್ಕನ್ನು ಶಾಖೆಯಲ್ಲೇ ಬಿಚ್ಚಿಸಿ ಉಳಿಸಿಕೊಳ್ಳಿ, ಕೊಟ್ಟವರ ಸಹಿ, ಒಯ್ದವರ ಸಹಿ, ತಾರೀಖು ಮೂರನ್ನೂ ರಿಜಿಸ್ಟರಿನಲ್ಲಿ ಹಾಕಿಸಿ.